ಬಾಗಿಲು ತೆರೆದಿಟ್ಟರೆ ಸಾಕೆ?



ಜೂನ್ ಬಂತೆಂದರೆ ಶಾಲಾ ದಾಖಲಾತಿಯ ಗಡಿಬಿಡಿ. ಕೆಲವು ವರ್ಷಗಳ ಹಿಂದೆ ನಾನೊಂದು ಪ್ರಾಥಮಿಕ ಶಾಲೆಯ ಆಡಳಿತ ಸಮಿತಿಯಲ್ಲಿದ್ದೆ. ಮುಸ್ಲಿಂ ತಂದೆಯೊಬ್ಬರು ಮಗನ ಕೈಹಿಡಿದು ಬಂದರು. ಶುಲ್ಕ ಎಷ್ಟೆಂದು ಕೇಳಲಿಲ್ಲ. "ನಮ್ಮ ಹುಡುಗನ್ನ ಸೇರಿಸ್ಕೊಂತೀರೇನ್ರೀ?" ಎಂದಷ್ಟೇ ಕೇಳಿದರು. "ಇಲ್ಲಿ ಯಾವ ಭೇದವೂ ಇಲ್ಲ" ಎಂದು ಹೆಮ್ಮೆಯಿಂದ ಸೇರಿಸಿಕೊಂಡೆವು.

ಮೂರು ತಿಂಗಳ ನಂತರ ಮಧ್ಯಾಹ್ನ ಶಾಲೆಗೆ ಹೋದಾಗ ಆ ಹುಡುಗ ಜಗಲಿಯ ಮೂಲೆಯಲ್ಲಿ ಒಬ್ಬನೇ ಬುತ್ತಿ ಬಿಚ್ಚಿ ಕುಳಿತಿದ್ದ. ಅವನನ್ನು ಯಾರೂ ದೂರ ಕೂರಿಸಿರಲಿಲ್ಲ. ಯಾರೂ ಹತ್ತಿರ ಕರೆದಿರಲೂ ಇಲ್ಲ. ಮರುವರ್ಷ ಅವನು ಬರಲಿಲ್ಲ. ಕಾರಣ ಕೇಳಲು ನಾನು ಅವರ ಮನೆಗೆ ಹೋಗಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಉತ್ತರ ಐರ್ಲೆಂಡಿನ ಶಾಲೆಗಳ ಬಗ್ಗೆ ಓದುವಾಗ ಈ ನೆನಪು ಮತ್ತೆ ಕಾಡಿತು. ಅಲ್ಲಿ ಕ್ಯಾಥೋಲಿಕರು, ಪ್ರೊಟೆಸ್ಟಂಟರು ಇಬ್ಬರೂ ಕ್ರೈಸ್ತರೇ. ಆದರೂ ಓಣಿ ಬೇರೆ, ಶಾಲೆ ಬೇರೆ. ಮೂರು ದಶಕಗಳ ಸಂಘರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಪಕ್ಕದ ಬೀದಿಯ ಮಗುವಿನೊಡನೆ ಒಂದು ದಿನವೂ ಆಡದೆ ಬೆಳೆದವರು ಅಲ್ಲಿ ಎಷ್ಟೋ ಮಂದಿ.

ಎರಡೂ ಕಡೆಯ ಮಕ್ಕಳು ಒಟ್ಟಿಗೆ ಕಲಿಯುವ ಶಾಲೆಗೆ ಅವಕಾಶ ಕೊಡುವ ಕಾಯ್ದೆ 1978ರಲ್ಲಿಯೇ ಬಂತು. ಇದ್ದ ಶಾಲೆಗಳಲ್ಲಿ ಒಂದೂ ಮುಂದೆ ಬರಲಿಲ್ಲ. ಬಾಗಿಲು ತೆರೆದಿತ್ತು, ಒಳಗೆ ಕಾಲಿಡುವವರಿರಲಿಲ್ಲ. ಕೊನೆಗೆ ತಂದೆತಾಯಂದಿರೇ ಹೊರಟರು. 1981ರಲ್ಲಿ ಬೆಲ್‌ಫಾಸ್ಟ್ ಹೊರವಲಯದಲ್ಲಿ 28 ಮಕ್ಕಳೊಡನೆ ಲಗಾನ್ ಕಾಲೇಜೆಂಬ ಪ್ರೌಢಶಾಲೆ ಆರಂಭವಾಯಿತು. ಮೊದಲಿಗೆ ಸರ್ಕಾರದ ನೆರವೂ ಇರಲಿಲ್ಲ. 1985ರಲ್ಲಿ ಫೋರ್ಜ್, ಹೇಜಲ್‌ವುಡ್ ಎಂಬ ಪ್ರಾಥಮಿಕ ಶಾಲೆಗಳು ಬಂದವು.

ಈ ಶಾಲೆಗಳಲ್ಲಿ ಮಿಲನವನ್ನು ಅದೃಷ್ಟಕ್ಕೆ ಬಿಟ್ಟಿಲ್ಲ. ತರಗತಿಯಲ್ಲಿ ಒಂದು ಗುಂಪು ನೆಪಮಾತ್ರಕ್ಕೆ ಇರದಂತೆ ಸಂಖ್ಯೆಯ ಸಮತೋಲನಕ್ಕೆ ಶ್ರಮಿಸುತ್ತಾರೆ. ಶಿಕ್ಷಕರಲ್ಲೂ ಆಡಳಿತ ಮಂಡಳಿಯಲ್ಲೂ ಎರಡೂ ಕಡೆಯವರಿರಬೇಕೆಂದು ನೋಡಿಕೊಳ್ಳುತ್ತಾರೆ. ಧರ್ಮವನ್ನು ಮುಚ್ಚಿಡುವುದೂ ಇಲ್ಲ. ಕ್ಯಾಥೋಲಿಕ್ ಮಕ್ಕಳು ತಮ್ಮ ಮೊದಲ ಪರಮಪ್ರಸಾದದ ಸಂಸ್ಕಾರಕ್ಕೆ ಅದೇ ಶಾಲೆಯಲ್ಲಿ ಸಿದ್ಧರಾಗುತ್ತಾರೆ. "ನಾನು ಯಾರು" ಎಂಬುದನ್ನು ಅಡಗಿಸದೆಯೇ "ನೀನು ಯಾರು" ಎಂದು ಕೇಳುವುದನ್ನು ಮಗು ಕಲಿಯುತ್ತದೆ.

ಇದರಿಂದ ಎಲ್ಲವೂ ಸರಿಹೋಗಿಲ್ಲ. ಇಂದಿಗೂ ಅಲ್ಲಿನ ಹತ್ತರಲ್ಲೊಂದು ಪಾಲು ಮಕ್ಕಳೂ ಇಂಥ ಶಾಲೆಗಳಲ್ಲಿಲ್ಲ. ಬೆಲ್‌ಫಾಸ್ಟಿನಲ್ಲಿ ಓಣಿಗಳ ನಡುವಿನ ಗೋಡೆಗಳೂ ಪೂರ್ತಿ ಬಿದ್ದಿಲ್ಲ. ಆದರೆ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ: ಬೇಡವೆನ್ನದಿರುವುದು ಬೇರೆ, ಬೇಕೆಂದು ಬರಮಾಡಿಕೊಳ್ಳುವುದು ಬೇರೆ.

ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ನೀಡಿದ ಸಿದ್ಧಗಂಗೆಯಂಥ ಮಠಗಳ ಪರಂಪರೆ ನಮ್ಮದು. ಆ ಹಿರಿಮೆಯನ್ನು ವೇದಿಕೆಯಲ್ಲಿ ಹೇಳಿಕೊಂಡರೆ ಸಾಲದು. ನಮ್ಮ ಶಾಲೆಗಳನ್ನು ನಾವೇ ಕೇಳಿಕೊಳ್ಳೋಣ. ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ? ಶಿಕ್ಷಕರ ಕೋಣೆಯಲ್ಲಿ ಎಷ್ಟು ಬಗೆಯ ಹೆಸರುಗಳಿವೆ? ಪಾಲಕರ ಸಭೆಯಲ್ಲಿ ಮಾತಾಡುವವರು ಯಾರು, ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ಎದ್ದುಹೋಗುವವರು ಯಾರು? ಒಂದು ಮಗು ಶಾಲೆ ಬಿಟ್ಟರೆ ಅದರ ಮನೆಯ ಬಾಗಿಲು ತಟ್ಟುವವರು ಯಾರು?

ದಾಸೋಹವೆಂದರೆ ಎಡೆ ಬಡಿಸುವುದಷ್ಟೇ ಅಲ್ಲ, ಪಕ್ಕದಲ್ಲಿ ಕುಳಿತು ಉಣ್ಣುವುದೂ ಹೌದು. ಈ ಜೂನ್‌ನಲ್ಲಿ ಯಾವ ತಂದೆಯೂ ನಮ್ಮ ಶಾಲೆಯ ಮುಂದೆ ನಿಂತು "ಸೇರಿಸ್ಕೊಂತೀರೇನ್ರೀ" ಎಂದು ಅಳುಕುತ್ತ ಕೇಳುವಂತಾಗದಿರಲಿ. ಅವರು ಕೇಳುವ ಮೊದಲೇ ನಾವು ಎದ್ದುಹೋಗಿ "ಬರ್ರಿ, ಒಳಗ ಬರ್ರಿ" ಎನ್ನೋಣ. ಒಳಗೆ ಬಂದ ಮಗುವಿನ ಪಕ್ಕದಲ್ಲಿ ಕೂರುವುದನ್ನೂ ಮರೆಯದಿರೋಣ.



– ಸಂಪಾದಕ