ಬೋರ್ಡು ಎಲ್ಲಿ ನೆಡಬೇಕೆಂದು ಊರೇ ತೀರ್ಮಾನಿಸಲಿ



ಶಾಲೆಯ ಗೇಟಿನ ಮುಂದಿನ ಇಪ್ಪತ್ತು ಅಡಿಯಲ್ಲಿ ಯಾರೂ ಗಾಡಿ ನಿಲ್ಲಿಸಕೂಡದು ಎಂದು ಹೇಳಲು ಎಷ್ಟು ದೊಡ್ಡ ಅಧಿಕಾರಿ ಬೇಕು? ನಮ್ಮ ರಾಜ್ಯದ ಸಣ್ಣ ಪಟ್ಟಣಗಳಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಯೇ ಬೇಕು. ಮುಖ್ಯಶಿಕ್ಷಕರು ಪುರಸಭೆಗೆ ಅರ್ಜಿ ಕೊಡುತ್ತಾರೆ. ಪುರಸಭೆ ಪೊಲೀಸರತ್ತ ಕೈ ತೋರಿಸುತ್ತದೆ. ಠಾಣೆಯ ವರದಿ ಎಸ್‌ಪಿ ಕಚೇರಿ ದಾಟಿ ಜಿಲ್ಲಾಧಿಕಾರಿ ಕಚೇರಿ ಸೇರಿದರೆ ಅಲ್ಲಿ ಆರ್‌ಟಿಒ ಅಭಿಪ್ರಾಯ ಕೇಳುತ್ತಾರೆ. ರಸ್ತೆ ರಾಜ್ಯ ಹೆದ್ದಾರಿಯಾಗಿದ್ದರೆ ಲೋಕೋಪಯೋಗಿ ಇಲಾಖೆಯದೂ ಬೇಕು. ಆದೇಶ ಬಂತು ಅನ್ನಿ, ಬೋರ್ಡಿನ ಖರ್ಚು ಯಾವ ಲೆಕ್ಕಕ್ಕೆ ಎಂದು ಇನ್ನೊಂದು ಕಡತ ಶುರುವಾಗುತ್ತದೆ. ಅಷ್ಟರಲ್ಲಿ ಅರ್ಜಿ ಕೊಟ್ಟವರಿಗೇ ವರ್ಗವಾಗಿರುತ್ತದೆ.

ಈ ಅಧಿಕಾರದಲ್ಲಿ ಒಂದು ಪಾಲನ್ನು ಪುರಸಭೆಯ ಮುಖ್ಯಾಧಿಕಾರಿ ಮತ್ತು ಎಂಜಿನಿಯರ್ ಕೈಗೆ ಕೊಡಿ ಎಂದು ಎಲ್ಲರೂ ಸೇರಿ ಕೇಳೋಣ. ನನ್ನ ಮನವಿ ಇಷ್ಟೇ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115, 116 ಮತ್ತು 117ನೇ ಕಲಂಗಳನ್ನು ಓದಿ ನೋಡಿ. ಸಂಚಾರ ನಿರ್ಬಂಧಿಸುವುದು, ಫಲಕ ಹಾಕುವುದು, ನಿಲುಗಡೆ ಜಾಗ ಗೊತ್ತು ಮಾಡುವುದು, ಈ ಮೂರೂ ಅಧಿಕಾರ ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ಸೇರಿದ್ದು. ಆ ಪ್ರಾಧಿಕಾರ ಜಿಲ್ಲಾ ಕೇಂದ್ರದಲ್ಲೇ ಕೂತಿರಬೇಕೆಂದು ಕಾಯ್ದೆ ಹಟ ಹಿಡಿದಿಲ್ಲ. ಸರ್ಕಾರ ಮನಸ್ಸು ಮಾಡಿದರೆ ನಿಯಮ ತಿದ್ದಿ ಅಧಿಸೂಚನೆ ಹೊರಡಿಸಬಹುದು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್‌ನಲ್ಲಿ ಜಾರಿಗೆ ಬಂತು. ಅದರಿಂದ ಸೇರಿದ 12ನೇ ಅನುಸೂಚಿಯ 18 ವಿಷಯಗಳಲ್ಲಿ ಬೀದಿದೀಪ, ಬಸ್ ತಂಗುದಾಣಗಳ ಸಾಲಿನಲ್ಲೇ ವಾಹನ ನಿಲುಗಡೆಯೂ ಇದೆ. ಬೀದಿದೀಪದ ಬಲ್ಬು ಬದಲಿಸಲು ನಾವು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತುತ್ತಿಲ್ಲವಲ್ಲ!

ಇದು ಬರೀ ಬೇಗ ಆಗಲಿ ಎಂಬ ಆತುರವೂ ಅಲ್ಲ. ಯಾವುದೇ ಪಟ್ಟಣದ ಪೇಟೆ ಬೀದಿಯನ್ನು ಬೆಳಿಗ್ಗೆ ಒಂಬತ್ತಕ್ಕೆ ನೋಡಿ. ಕಿರಾಣಿ ಅಂಗಡಿ ಮುಂದೆ ಲಾರಿ ನಿಂತು ಹಮಾಲರು ಅಕ್ಕಿ ಮೂಟೆ ಇಳಿಸುತ್ತಿರುತ್ತಾರೆ. ಹಿಂದೆ ಶಾಲಾ ವ್ಯಾನು ಹಾರ್ನ್ ಹೊಡೆಯುತ್ತಿರುತ್ತದೆ, ಎದುರಿನಿಂದ ಬಂದ ಬಸ್ಸು ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತಿರುತ್ತದೆ. ಅಂಗಡಿಯವರ ಸ್ಕೂಟರುಗಳು ಷಟರ್ ಎತ್ತಿದ ಹೊತ್ತಿನಿಂದ ಇಳಿಸುವವರೆಗೂ ಅಂಗಡಿ ಮುಂದೆಯೇ. ಗಿರಾಕಿಗೆ ಗಾಡಿ ನಿಲ್ಲಿಸಲು ಜಾಗವಿಲ್ಲ ಎಂದು ಗೊಣಗುವವರೂ ಅವರೇ. ಮೂಟೆ ಇಳಿಸುವುದು ಎಂಟರೊಳಗೆ ಮುಗಿಯಲಿ, ಬ್ಯಾಂಕಿನ ಮುಂದೆ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಿಸಬೇಡಿ ಎಂಬ ಎರಡು ಸಾಲು ಬರೆಯಲು ಆ ಬೀದಿಯ ದಿನಚರಿ ಗೊತ್ತಿರಬೇಕು. ಅದು ದಿನಾ ಚರಂಡಿ, ನೀರು, ಕಸ ಎಂದು ಅಲ್ಲೇ ಓಡಾಡುವ ಪುರಸಭೆ ಸಿಬ್ಬಂದಿಗೆ ಗೊತ್ತು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮೇಜಿಗೆ ಅದು ಕಾಗದವಾಗಿ ಮಾತ್ರ ಹೋಗುತ್ತದೆ.

ಹಾಗೆ ಅಧಿಕಾರ ಕೊಟ್ಟರೆ ಸಿಬ್ಬಂದಿ ಯಾರದೋ ಮಾತು ಕೇಳಿ ತಮಗೆ ಬೇಕಾದವರ ಅಂಗಡಿ ಮುಂದೆ ಜಾಗ ಬಿಟ್ಟುಕೊಡುವುದಿಲ್ಲವೇ? ಒತ್ತಡ ಇದ್ದೇ ಇರುತ್ತದೆ. ರಸ್ತೆ ಉಬ್ಬಿನ ವಿಷಯದಲ್ಲಿ ನೋಡಿಲ್ಲವೇ, ಪ್ರತಿಯೊಬ್ಬರಿಗೂ ತಮ್ಮ ಮನೆ ಮುಂದೆಯೇ ಅದು ಬೇಕು. ಹಾಗಾಗಿ ಕೇಳುವಾಗಲೇ ಕಟ್ಟುಪಾಡುಗಳನ್ನೂ ಸೇರಿಸಿ ಕೇಳಬೇಕು. ಪ್ರತಿ ತೀರ್ಮಾನಕ್ಕೂ ಕಾರಣ ಬರೆದು ಪುರಸಭೆಯ ನೋಟಿಸ್ ಬೋರ್ಡಿನಲ್ಲೂ ಅದೇ ಬೀದಿಯಲ್ಲೂ ಅಂಟಿಸಲಿ, ಜೊತೆಗೆ ಠಾಣೆಯ ಪಿಎಸ್‌ಐ ಸಹಿ ಇರಲಿ. ಮೊದಲು ಒಂದು ತಿಂಗಳು ಪ್ರಯೋಗ ಮಾಡಲಿ. ಈ ಒಂದು ತಿಂಗಳು ನನ್ನ ಕಲ್ಪನೆಯಲ್ಲ: ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದಲ್ಲಿ ಪ್ರಕಟಣೆ ಬೇಡ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು ಎಂದು 115ನೇ ಕಲಂ ಹೇಳುತ್ತದೆ. ಇಂಥ ಒಳ್ಳೆಯ ಅವಕಾಶವನ್ನು ಜಾತ್ರೆ, ಕಾಮಗಾರಿಗಳಿಗಷ್ಟೇ ಯಾಕೆ ಮೀಸಲಿಡಬೇಕು? ತಿಂಗಳು ಕಳೆದ ಮೇಲೆ ಪುರಸಭೆಯ ಸಾಮಾನ್ಯ ಸಭೆಗೆ ವರದಿ ಬರಲಿ. ಬೇಡವೆನಿಸಿದರೆ ಸದಸ್ಯರು ಬೋರ್ಡು ಕೀಳಿಸಲಿ.

ಎಲ್ಲವನ್ನೂ ಕೊಡಿ ಎನ್ನುತ್ತಿಲ್ಲ. ಮುಖ್ಯ ರಸ್ತೆಯನ್ನು ಒನ್‌ವೇ ಮಾಡುವುದು, ಬಸ್ ನಿಲ್ದಾಣ ಬದಲಿಸುವುದು, ನಿಲುಗಡೆ ಶುಲ್ಕ ಗೊತ್ತು ಮಾಡುವುದು ಚುನಾಯಿತರ ಮುಂದೆಯೇ ಬರಬೇಕು. ಬೀದಿ ಬದಿ ವ್ಯಾಪಾರಿಗಳ ಜಾಗಕ್ಕಂತೂ ಕೈ ಹಾಕುವಂತಿಲ್ಲ. ಅವರಿಗಾಗಿ 2014ರ ಕಾಯ್ದೆಯೇ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಅವರದೇ ಪ್ರತಿನಿಧಿಗಳಿರಬೇಕೆಂದು ಅದು ಹೇಳುತ್ತದೆ. ಕಾರಿಗೆ ಜಾಗ ಮಾಡಲು ಹೂವಿನವರನ್ನು ಎಬ್ಬಿಸುವ ಅಧಿಕಾರವನ್ನು ಯಾರಿಗೂ ಕೊಡಬೇಡಿ.

ಅಧಿಕಾರ ವಹಿಸುವುದೆಂದರೆ ಕೈ ತೊಳೆದುಕೊಳ್ಳುವುದಲ್ಲ ಎಂಬುದನ್ನು ಬೆಂಗಳೂರು ಕಲಿಸಿದೆ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಅಲ್ಲಿ ವರ್ಷಗಟ್ಟಲೆ ಅಧಿಕಾರಿಗಳದೇ ಆಡಳಿತ ನಡೆಯಿತು. ವಾರ್ಡಿನವರ ದೂರು ಕೇಳಲು ಚುನಾಯಿತ ಸದಸ್ಯರೇ ಇರಲಿಲ್ಲ. ಸದಸ್ಯರಿಲ್ಲದ ಪುರಸಭೆಯಲ್ಲಿ ಈ ವ್ಯವಸ್ಥೆ ನನಗೂ ಬೇಡ.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ನಿಮ್ಮ ವಾರ್ಡಿನ ಒಂದೇ ಒಂದು ಜಾಗ ಆರಿಸಿಕೊಳ್ಳಿ: ಶಾಲೆ ಗೇಟು, ಆಸ್ಪತ್ರೆ ಬಾಗಿಲು, ಯಾವುದಾದರೂ ಸರಿ. ಅಲ್ಲಿ ಗದ್ದಲವಾಗುವ ಹೊತ್ತು, ನಿಲ್ಲುವ ಗಾಡಿಗಳು, ನಡೆದು ಹೋಗುವವರಿಗೆ ಆಗುವ ತೊಂದರೆ ಬರೆದು ಫೋಟೊ ಹಚ್ಚಿ. ಅಕ್ಕಪಕ್ಕದ ಅಂಗಡಿಯವರನ್ನೂ ಆಟೋದವರನ್ನೂ ಮಾತಾಡಿಸದೆ ಅರ್ಜಿ ಬರೆಯಬೇಡಿ. ನಾಳೆ ಬೋರ್ಡಿನೊಂದಿಗೆ ಏಗಬೇಕಾದವರು ಅವರು. ಇಂಥ ಸಣ್ಣ ತೀರ್ಮಾನಗಳ ಅಧಿಕಾರವನ್ನು ಪುರಸಭೆಗೆ ಕೊಡುವಂತೆ ಸರ್ಕಾರವನ್ನು ಕೋರಿ ನಿರ್ಣಯ ಮಾಡಿ ಎಂದು ನಿಮ್ಮ ವಾರ್ಡಿನ ಸದಸ್ಯರಿಗೆ ಹೇಳಿ. ಅರ್ಜಿಯ ಒಂದು ಪ್ರತಿ ಮುಖ್ಯಾಧಿಕಾರಿಗೆ, ಒಂದು ಜಿಲ್ಲಾಧಿಕಾರಿಗೆ ಹೋಗಲಿ. ನಿಮ್ಮ ಪ್ರತಿಗೆ ತಾರೀಕಿನ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಹೊರಗೆ ಬನ್ನಿ.