ನಾಲ್ಕು ಚಕ್ರಕ್ಕೂ ಬಲ: ದೇಶಕ್ಕೊಂದು ವಿಧವೇಕೆ?

ಸರ್ಕೀಟಿನ ಮೇಲೆ ಹಳ್ಳಿಗಳಿಗೆ ಹೋದಾಗ ಗ್ರಾಮದ ಮುಖಂಡರೂ ಜಮೀನಿನ ಒಡೆಯರೂ ಈಚೆಗೆ ನನ್ನನ್ನು ಒಂದು ಪ್ರಶ್ನೆ ಕೇಳುತ್ತಿದ್ದಾರೆ. “ಸ್ವಾಮಿ, ಒಂದೇ ಕಂಪನಿಯ ಒಂದೇ ಹೆಸರಿನ ಕಾರು ಜಪಾನಿನಲ್ಲಿ ನಾಲ್ಕು ಚಕ್ರಗಳಿಂದಲೂ ಎಳೆಯುವುದಂತೆ. ನಮಗೆ ಕೊಡುವುದರಲ್ಲಿ ಮಾತ್ರ ಮುಂದಿನ ಎರಡೇ ಚಕ್ರಗಳಿಗೆ ಬಲ. ನಾವೇನು ಪಾಪ ಮಾಡಿದ್ದೇವೆ?” ಸುಜುಕಿ ಸ್ವಿಫ್ಟ್ ಕಾರಿನ ಮಟ್ಟಿಗೆ ಈ ಮಾತು ನಿಜವೇ ಆಗಿದೆ. ಇದನ್ನು ಮೋಸವೆಂದು ಭಾವಿಸಿ, ಸಾಲ ಮಾಡಿಯಾದರೂ ಫೋರ್‌ವೀಲ್ ಡ್ರೈವ್ ಗಾಡಿಯನ್ನೇ ಕೊಳ್ಳತಕ್ಕದ್ದೆಂದು ಹಟ ಹಿಡಿಯುವವರೂ ಇದ್ದಾರೆ. ಇದರಲ್ಲಿ ಮೋಸವು ಅಷ್ಟಾಗಿ ಇಲ್ಲವೆಂದೂ, ಕೊಳ್ಳುವವರು ಕೇಳತಕ್ಕ ಪ್ರಶ್ನೆಯೇ ಬೇರೆಯೆಂದೂ ನನ್ನ ಅಭಿಪ್ರಾಯ.

ಮೊದಲು ಯಂತ್ರದ ಸಂಗತಿಯನ್ನು ನೋಡೋಣ. ಕಣದಲ್ಲಿ ಹಂತಿ ಹೂಡುವುದನ್ನು ತಾವೆಲ್ಲರೂ ಬಲ್ಲಿರಿ. ಮೇಟಿಯ ಹತ್ತಿರದ ಎತ್ತು ನಿಂತಲ್ಲೇ ತಿರುಗಿದಂತೆ ನಿಧಾನವಾಗಿ ಹೆಜ್ಜೆಯಿಡುತ್ತದೆ. ಹೊರಗಡೆಯ ಎತ್ತು ಬಿರುಸಾಗಿ ನಡೆಯಬೇಕಾಗುತ್ತದೆ. ಎರಡೂ ಒಂದೇ ವೇಗದಿಂದ ನಡೆಯಲೇಬೇಕೆಂದು ಬಿಗಿದರೆ ಕೊರಳಿಗೆ ಹಗ್ಗ ಕಚ್ಚುವುದು. ಗಾಡಿಯು ತಿರುವಿನಲ್ಲಿ ಹೋಗುವಾಗಲೂ ಹೀಗೆಯೇ. ಒಳ ಚಕ್ರಕ್ಕಿಂತ ಹೊರ ಚಕ್ರವೂ, ಹಿಂದಿನವುಗಳಿಗಿಂತ ಮುಂದಿನವೂ ಹೆಚ್ಚು ದೂರ ಉರುಳುತ್ತವೆ. ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಬಿಗಿಯಾಗಿ ಜೋಡಿಸಿಬಿಟ್ಟರೆ, ಕೆಸರಿನಲ್ಲಾದರೋ ಚಕ್ರವು ಕೊಂಚ ಜಾರಿ ಸರಿಹೋಗುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಟೈರು ಸವೆಯುತ್ತದೆ, ಗೇರುಗಳ ಮೇಲೆ ಭಾರ ಬೀಳುತ್ತದೆ.

ಇದಕ್ಕೆ ತಯಾರಕರು ಕಂಡುಕೊಂಡ ಉಪಾಯಗಳಲ್ಲಿ ಮೂರು ಮುಖ್ಯವಾದವು. ಬೇಕಾದಾಗ ಮಾತ್ರ ಲಿವರು ಎಳೆದು ಎರಡು ಅಚ್ಚುಗಳನ್ನೂ ಕೂಡಿಸುವುದು ಜೀಪಿನ ರೀತಿ. ಎರಡು ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಟ್ಟು ನಾಲ್ಕು ಚಕ್ರಗಳಿಗೂ ಸದಾ ಬಲ ಕೊಡುವುದು ಎರಡನೆಯದು. ಮೂರನೆಯದರಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳೇ ಎಳೆಯುತ್ತಿದ್ದು, ಅವು ಜಾರಿದ ಕೂಡಲೆ ಕ್ಲಚ್ಚಿನ ಬಿಲ್ಲೆಗಳು ಒತ್ತಿಕೊಂಡು ಹಿಂದಕ್ಕೂ ಬಲ ಹೋಗುವುದು. ಮೊದಲನೆಯದು ಗಟ್ಟಿಯಾದದ್ದು, ಆದರೆ ಚಾಲಕನಿಗೆ ವಿವೇಕ ಬೇಕು. ಮೂರನೆಯದು ಚಾಲಕನನ್ನು ಕೇಳುವುದೇ ಇಲ್ಲ. ಆದರೂ ಆಳವಾದ ಕೆಸರಿನಲ್ಲಿ ಬಹಳ ಹೊತ್ತು ಹೆಣಗಿದರೆ ಬಿಲ್ಲೆಗಳು ಕಾದು ಕೈಬಿಡುವುದುಂಟು.

ಜಪಾನಿನ ಸುಮಾರು ಅರ್ಧದಷ್ಟು ನೆಲವನ್ನು ಅಲ್ಲಿನ ಸರ್ಕಾರವು ಕಾಯಿದೆಯ ಮೇರೆಗೆ ಭಾರಿ ಹಿಮ ಬೀಳುವ ಪ್ರದೇಶವೆಂದು ಗೊತ್ತುಮಾಡಿದೆ. ಆ ದೇಶದ ಈಶಾನ್ಯಕ್ಕಿರುವ ತೊಹೊಕು ಸೀಮೆಯ ವಿದ್ಯುಚ್ಛಕ್ತಿ ಕಂಪನಿಯವರು ಹಿಮ ತುಂಬಿದ ಬೆಟ್ಟಗಳಲ್ಲಿ ತಂತಿಗಳನ್ನು ನೋಡಿಕೊಳ್ಳಲು ಜೀಪುಗಳಲ್ಲಿ ಓಡಾಡುತ್ತಿದ್ದರು. ಚಳಿಗಾಲದಲ್ಲಿ ಅವುಗಳಲ್ಲಿ ಕುಳಿತು ಹೋಗುವುದು ಕಷ್ಟ. ಜೀಪಿನಂತೆ ಹಿಮದಲ್ಲಿ ಹತ್ತಬಲ್ಲ, ಕಾರಿನಂತೆ ಸುಖವಾದ ಗಾಡಿಯೊಂದು ಬೇಕೆಂದು ಅವರು ಕೇಳಿದರು. ಮಿಯಾಗಿ ಪ್ರಾಂತದ ಸುಬಾರು ಮಾರಾಟಗಾರರು ಸಾಮಾನ್ಯ ವ್ಯಾನೊಂದನ್ನು ತೆಗೆದುಕೊಂಡು ಅದರ ಹಿಂದಿನ ಚಕ್ರಗಳಿಗೂ ಬಲ ಹೋಗುವಂತೆ ಮಾಡಿಕೊಟ್ಟರು. ಈ ಪ್ರಯತ್ನದಿಂದಲೇ 1972ರಲ್ಲಿ ಸುಬಾರು ಲಿಯೋನ್ ಎಂಬ ಫೋರ್‌ವೀಲ್ ಡ್ರೈವ್ ವ್ಯಾನು ಹೊರಬಂದಿತು. ತಮ್ಮ ನೆಲವನ್ನು ಬಲ್ಲ ಗಿರಾಕಿಗಳು ಬಾಯಿ ತೆರೆದು ಕೇಳಿದ್ದರಿಂದ ಆ ಯಂತ್ರವು ಹುಟ್ಟಿತೆಂಬುದನ್ನು ಓದುಗರು ಗಮನಿಸಬೇಕು. ಇದಕ್ಕೆ ಮುಂದೆ ಬರುತ್ತೇನೆ.

ಅದೇ ಕಂಪನಿಯು ಆಸ್ಟ್ರೇಲಿಯಕ್ಕೂ ಯೂರೋಪಿಗೂ ಕಳುಹಿಸುತ್ತಿದ್ದ ಫಾರೆಸ್ಟರ್ ಗಾಡಿಗಳಲ್ಲಿ, ಕೈಯಿಂದ ಗೇರು ಹಾಕುವ ಕೆಲವು ಮಾದರಿಗಳಿಗೆ ನಿಧಾನದ ಗೇರುಗಳ ಇನ್ನೊಂದು ಶ್ರೇಣಿಯನ್ನು ಇಟ್ಟಿತ್ತು. ಅಮೆರಿಕಕ್ಕೆ ಹೋದ ಫಾರೆಸ್ಟರಿನಲ್ಲಿ ಅದಿರಲಿಲ್ಲ. ಆಸ್ಟ್ರೇಲಿಯದಲ್ಲಿ ಹಿಂದಕ್ಕೊಂದು ಗಾಡಿ ಕಟ್ಟಿ ಮಣ್ಣು ದಾರಿಯಲ್ಲಿ ಎಳೆಯುವವರು ಬಹಳ. ಅಮೆರಿಕದ ಹೆಚ್ಚು ಜನರು ತಾನಾಗಿ ಗೇರು ಬದಲಾಗುವ ಗಾಡಿಯನ್ನೇ ಬಯಸುತ್ತಾರೆ. ಇವೆರಡರಲ್ಲಿ ಯಾವುದು ಮೇಲೆಂದು ಕೇಳುವುದು ಕೂರಿಗೆ ಮೇಲೋ ನೇಗಿಲು ಮೇಲೋ ಎಂದು ಕೇಳಿದ ಹಾಗೆ. ಟೊಯೊಟಾದವರ ಪ್ರಿಯಸ್ ಕಾರಿನ ನಾಲ್ಕನೆಯ ಮಾದರಿಯಲ್ಲಿಯೂ, ಹಿಂದಿನ ಚಕ್ರಗಳಿಗೆ ಬೇರೆ ವಿದ್ಯುತ್ ಮೋಟಾರುಳ್ಳ ಬಗೆಯು 2015ರಲ್ಲಿಯೇ ಜಪಾನಿನವರಿಗೆ ದೊರೆಯಿತು. ಅಮೆರಿಕದವರಿಗೆ ಸಿಕ್ಕಿದ್ದು 2019ರ ಮಾದರಿಯಲ್ಲಿ. ಆದಕಾರಣ ಹಿಂದೆ ಬಿದ್ದವರು ನಾವೊಬ್ಬರೇ ಅಲ್ಲ.

ನೆಲದ ಜೊತೆಗೆ ಕಾಯಿದೆಯೂ ಯಂತ್ರವನ್ನು ರೂಪಿಸುತ್ತದೆ. ನಮ್ಮಲ್ಲಿ 2020ರಲ್ಲಿ ಹೊರಬಂದ ಮಹೀಂದ್ರ ಥಾರ್ ಮೊದಲು ಫೋರ್‌ವೀಲ್ ಡ್ರೈವಿನಲ್ಲಿಯೇ ದೊರೆಯುತ್ತಿತ್ತು. 2023ರ ಜನವರಿಯಲ್ಲಿ ಹಿಂದಿನ ಎರಡೇ ಚಕ್ರಗಳು ಎಳೆಯುವ, ಚಿಕ್ಕ ಡೀಸೆಲ್ ಎಂಜಿನ್ನಿನ ಥಾರ್ ಸಹ ಬಂದಿತು. ಏತಕ್ಕೆಂದರೆ, ಉದ್ದವು 4 ಮೀಟರನ್ನೂ ಡೀಸೆಲ್ ಎಂಜಿನ್ನು 1500 ಘನ ಸೆಂಟಿಮೀಟರನ್ನೂ ಮೀರದಿದ್ದರೆ ತೆರಿಗೆ ಕಡಿಮೆ. 2025ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ದರಗಳ ಪ್ರಕಾರ ಅಂಥ ಗಾಡಿಗೆ ಶೇಕಡ 18, ಮೀರಿದ್ದಕ್ಕೆ ಶೇಕಡ 40. ದೊಡ್ಡ ಎಂಜಿನ್ನೂ ನಾಲ್ಕು ಚಕ್ರದ ಬಲವೂ ಬೇಡವಾದವರಿಗೆ ಅಗ್ಗದ ಗಾಡಿಯೊಂದು ಹೀಗೆ ಒದಗಿತು.

ಹಾಗೆಂದು ಕಂಪನಿಗಳವರೆಲ್ಲ ಧರ್ಮರಾಯರೆಂದು ನಾನು ಹೇಳುವುದಿಲ್ಲ. ಕೇಳುವವರು ಕಡಿಮೆಯಿದ್ದಲ್ಲಿ, ಅವಶ್ಯಕತೆ ಇದ್ದರೂ, ಆ ಮಾದರಿಯನ್ನು ಅವರು ತರುವುದಿಲ್ಲ. ಬಿಡಿಭಾಗಗಳನ್ನು ಶೇಖರಿಸಿಡಲು ಮಾರಾಟಗಾರರಿಗೂ ಇಷ್ಟವಿರುವುದಿಲ್ಲ.

ಇನ್ನು ನಮ್ಮ ಊರುಗಳ ಮಾತು. ಒಣಭೂಮಿಯ ಗ್ರಾಮವೊಂದರ ಯಜಮಾನರೊಬ್ಬರು ಮಗಳ ಮದುವೆಗೆಂದು ಕೂಡಿಟ್ಟಿದ್ದ ಹಣವನ್ನೂ ಸೇರಿಸಿ ಲಿವರಿನ ಗಾಡಿಯನ್ನು ಕೊಂಡರು. ಅವರ ಮನೆಬಾಗಿಲಿನವರೆಗೂ ಡಾಂಬರು ರಸ್ತೆಯಿದೆ. ಲಿವರನ್ನು ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಳೆದಿಟ್ಟುಕೊಂಡೇ ತಾಲ್ಲೂಕು ಕಛೇರಿಗೆ ಓಡಾಡಿ, ವರ್ಷದೊಳಗೆ ನಾಲ್ಕು ಟೈರುಗಳನ್ನೂ ಸವೆಸಿದರು. ನಾನೂ ಒಮ್ಮೆ ಆ ಗಾಡಿಯಲ್ಲಿ ಕುಳಿತಿದ್ದೆನು. ತಿರುವಿನಲ್ಲಿ ಅದು ಕೊಸರಾಡಿದ್ದನ್ನು ಕಂಡೂ ಕಾರಣ ವಿಚಾರಿಸದೆ ಹೋದದ್ದು ನನ್ನ ತಪ್ಪು. ಮದುವೆಯು ಮರುವರ್ಷಕ್ಕೆ ಹೋಯಿತು.

ಇದಕ್ಕೆ ವಿರುದ್ಧವಾದ ನಷ್ಟವೂ ಉಂಟು. ತುಂಗಭದ್ರಾ ಕಾಲುವೆಯ ಕೆಳಗೆ ಗಂಗಾವತಿ, ಸಿಂಧನೂರು ಕಡೆಯ ಗದ್ದೆಗಳಲ್ಲಿ ನಾಟಿಗೆ ಕೆಸರು ಮಾಡುವಾಗ, ಹಿಂದಿನ ಎರಡೇ ಚಕ್ರಗಳು ಎಳೆಯುವ ಟ್ರ್ಯಾಕ್ಟರು ಹೂತುಕೊಂಡರೆ ಅದನ್ನು ಎಳೆಯಲು ಇನ್ನೊಂದು ಬರಬೇಕು. ಅಷ್ಟರಲ್ಲಿ ಆಳುಗಳ ಅರ್ಧ ದಿನ ಕಳೆದಿರುತ್ತದೆ. ಜಪಾನಿನ ಭತ್ತದ ಗದ್ದೆಗಳ ಸಣ್ಣ ಟ್ರ್ಯಾಕ್ಟರುಗಳಲ್ಲಿ ಮುಂದಿನ ಚಕ್ರಗಳಿಗೂ ಬಲವಿರುವುದು ಸಾಮಾನ್ಯ. ನಮ್ಮ ದೇಶದಲ್ಲಿ ಮಾರಾಟವಾಗುವವುಗಳಲ್ಲಿ ಹೆಚ್ಚಿನವು ಎರಡು ಚಕ್ರದವು. ಬೆಲೆ ಕಡಿಮೆ, ಒಣನೆಲದ ಉಳುಮೆಗೂ ಟ್ರೇಲರು ಎಳೆಯುವುದಕ್ಕೂ ಅವೇ ಸಾಕು. ಚಳ್ಳಕೆರೆಯ ಕಡೆಯ ಕೆಂಪು ನೆಲದವರು ಹೆಚ್ಚು ಹಣ ಕೊಟ್ಟು ನಾಲ್ಕು ಚಕ್ರದ್ದನ್ನು ಕೊಳ್ಳಲು ಕಾರಣ ಕಾಣೆ. ಮಲೆನಾಡಿನ ಕಾಫಿ ತೋಟದ ಏರುದಾರಿಯವರು ಮಾತ್ರ ಲಿವರಿನ ಜೀಪನ್ನು ಬಿಟ್ಟುಕೊಡಬಾರದು.

ಸ್ವಂತಕ್ಕೆ ಕೊಳ್ಳುವವರ ವಿಷಯ ಹಾಗಿರಲಿ. ಬಾಡಿಗೆಗೆ ಯಂತ್ರ ಕೊಡುವ ಕೇಂದ್ರಗಳಿಗೆ ಟ್ರ್ಯಾಕ್ಟರು ಆರಿಸುವಾಗ ಎಲ್ಲ ಹೋಬಳಿಗಳಿಗೂ ಒಂದೇ ಮಾದರಿಯನ್ನು ಗೊತ್ತುಮಾಡುವುದು ತಪ್ಪೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ತೊಹೊಕುವಿನವರಂತೆ ನಾವೂ ಕೇಳಬೇಕು. ತಮ್ಮ ಗ್ರಾಮದಲ್ಲಿ ಕೆಸರು ಮಾಡುವ ಗದ್ದೆ ಎಷ್ಟು ಎಕರೆ, ಎರೆಭೂಮಿ ಎಷ್ಟು, ಮಳೆಗಾಲದಲ್ಲಿ ಗಾಡಿ ಹೋಗದ ದಾರಿ ಎಷ್ಟು ದೂರ ಎಂಬುದನ್ನು ಗ್ರಾಮದ ಮುಖಂಡರು ಮುಂಗಾರಿಗೆ ಮುಂಚೆ ಬರೆದು ಕಳುಹಿಸಿದರೆ, ನನ್ನ ಷರಾ ಸಹಿತ ಆ ಪಟ್ಟಿಗಳನ್ನು ಮೇಲಧಿಕಾರಿಗಳಿಗೆ ಸಲ್ಲಿಸುವೆನು.