ಕಾಲ್ಚೆಂಡಾಟದ ಋತು

ತ್ರಾಸಿಯನ್ನು ದಾಟಿ ಮರವಂತೆಯ ಕಡೆಗೆ ಹೋಗುವವರಿಗೆ ಹೆದ್ದಾರಿಯ ಒಂದು ಬದಿಯಲ್ಲಿ ಕಡಲೂ ಮತ್ತೊಂದು ಬದಿಯಲ್ಲಿ ಸೌಪರ್ಣಿಕೆಯೂ ಕಾಣುವುವು. ಈ ನೋಟವನ್ನು ಕೊಂಡಾಡಿದವರು ಬಹುಮಂದಿ. ಸಂಜೆಯ ಇಳಿತದ ಹೊತ್ತಿನಲ್ಲಿ ಗಟ್ಟಿಯಾದ ಹಸಿಮರಳು ಚೆಂಡೊದೆಯಲು ಎಷ್ಟು ಅನುಕೂಲವೆಂಬುದು ಮಾತ್ರ ಹುಡುಗರಿಗೇ ಗೊತ್ತು. ಕಾಲೇಜಿನ ಕಾಲ್ಚೆಂಡಿನ ತಂಡಕ್ಕೆ ಸೇರಿದ ಮಗನು ಯಾರ ಮನೆಯಲ್ಲಿರುವನೋ ಅವರಿಗಾಗಿ ಈ ತಿಂಗಳ ನಾಲ್ಕು ಮಾತು.

ಈ ತಂಡಗಳಿಗೆ ಋತುವೆಂಬುದು ಸುಲಭವಾಗಿ ದೊರೆಯತಕ್ಕದ್ದಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಗಿಲಾದ ಮಳೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುವುದು. ಆಗ ತೀರದ ಮರಳನ್ನು ಕಡಲು ಕೊರೆದೊಯ್ಯುವುದು, ಬೈಲಿನಲ್ಲಿ ನಾಟಿಯಾಗಿರುವುದು. ಉಳಿಯುವುದು ಗುಡ್ಡದ ಮೇಲಣ ಮುರಕಲ್ಲಿನ ಮೈದಾನ. ಅಲ್ಲಿ ಬಿದ್ದ ಮೊಳಕಾಲಿಗೆ ಮದ್ದು ಹಚ್ಚಿದ ತಾಯಂದಿರಿಗೆ ಅದರ ವರ್ಣನೆ ಬೇಕಾಗಿಲ್ಲ. ನವರಾತ್ರಿ ಕಳೆದು, ಕೊಯ್ಲು ಮುಗಿದು, ಗದ್ದೆ ಬರಿದಾಗುವ ವೇಳೆಗೆ ಸೆಮಿಸ್ಟರಿನ ಪರೀಕ್ಷೆ ಬಾಗಿಲಿಗೆ ಬಂದಿರುವುದು.

ಇಷ್ಟರ ನಡುವೆ ಅಭ್ಯಾಸ ಮಾಡಿದ ತಂಡವು ಅಂತರ ಕಾಲೇಜು ಪಂದ್ಯಾವಳಿಗೆ ಹೊರಡುವುದು. ಇಲ್ಲಿಯ ಕಾಲೇಜುಗಳು ೧೯೮೦ರಲ್ಲಿ ಸ್ಥಾಪಿತವಾದ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಮಂಗಳೂರೋ, ತ್ರಾಸಿಯಿಂದ ಸುಮಾರು ನೂರು ಕಿಲೋಮೀಟರು. ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ ಆಟ ನಡೆದರೆ ಲೆಕ್ಕ ಬಹಳ ಸರಳ: ೧೬ ತಂಡಗಳು ಬಂದರೆ ೮ ತಂಡಗಳು ಮೊದಲನೆಯ ಪಂದ್ಯಕ್ಕೇ ಗಂಟು ಕಟ್ಟಬೇಕು. ತಿಂಗಳುಗಟ್ಟಲೆಯ ಬೆವರಿಗೆ ೯೦ ನಿಮಿಷಗಳ ಆಟ! ಅದೇ ೧೬ ತಂಡಗಳನ್ನು ನಾಲ್ಕು ನಾಲ್ಕರಂತೆ ಗುಂಪು ಮಾಡಿ ಪ್ರತಿಯೊಂದನ್ನೂ ತನ್ನ ಗುಂಪಿನ ಉಳಿದ ಮೂರರೊಡನೆ ಆಡಿಸಿದರೆ, ಎಷ್ಟೇ ದುರ್ಬಲ ತಂಡಕ್ಕೂ ಮೂರು ಪಂದ್ಯಗಳು ದೊರೆಯುವುವು. ಖರ್ಚು ಹೆಚ್ಚೆಂದು ಆಕ್ಷೇಪಿಸುವರು. ನಿಜವೇ. ಆದರೆ ಒಮ್ಮೆ ಸೋತು ಮರಳಿದ ಹುಡುಗನಿಗೆ ಮನೆಯಲ್ಲಿ “ಇದಕ್ಕಾಗಿಯೇ ಇಷ್ಟು ದಿನ ಕತ್ತಲಾದ ಮೇಲೆ ಬಂದೆಯಾ?” ಎಂಬ ಪ್ರಶ್ನೆ ಕಾದಿರುವುದು. ಮರುವರ್ಷ ಅವನು ತಂಡದಲ್ಲಿ ಇರುವುದಿಲ್ಲ.

ಕನ್ನಡನಾಡಿಗೆ ಈ ಆಟ ಹೊಸತೇನೂ ಅಲ್ಲ. ಮೈಸೂರು ತಂಡವು ೧೯೪೬-೪೭ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತಂದಿತು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಮಟ್ಟಿಗೆ ಬರಿಗಾಲಿನ ಭಾರತ ತಂಡವು ಫ್ರಾನ್ಸಿಗೆ ೨-೧ರಿಂದ ಸೋತಾಗ ನಮ್ಮ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ದಿನ ನಮಗೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದುವು. ಆ ಮಾತು ಇರಲಿ. ೧೯೬೮-೬೯ರ ಬಳಿಕ ಸಂತೋಷ್ ಟ್ರೋಫಿ ನಮ್ಮ ಕೈಗೆ ಬರಲು ೫೪ ವರ್ಷಗಳು ಹಿಡಿದುವು: ೨೦೨೩ರ ಮಾರ್ಚ್ ೪ರಂದು ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು ೩-೨ರಿಂದ ಗೆದ್ದಿತು.

ಹತ್ತಿರದ ಮಾದರಿಯೊಂದು ದಕ್ಷಿಣದಲ್ಲಿಯೇ ಇದೆ. ೧೯೫೬ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಕಾಸರಗೋಡಿನಲ್ಲಿಯೂ ಅದರಾಚೆಯ ಮಲಬಾರಿನಲ್ಲಿಯೂ ಕೊಯ್ಲಾದ ಗದ್ದೆಗಳಲ್ಲಿ ಏಳೇಳು ಮಂದಿಯ ಪಂದ್ಯಗಳು ನಡೆಯುವುವು; ಊರಿಗೆ ಊರೇ ನೋಡಲು ಕೂಡುವುದು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಾಲೇಜುಗಳು ಪರೀಕ್ಷೆ ಮುಗಿದ ಮೇಲೆ ತಮ್ಮತಮ್ಮೊಳಗೆ ಹೀಗೆ ಆಡಿಕೊಂಡರೆ ಯಾರ ಅಪ್ಪಣೆಯೂ ಬೇಡ, ದೂರದ ಬಸ್ಸಿನ ಖರ್ಚೂ ಇಲ್ಲ. ಹೆಣ್ಣುಮಕ್ಕಳ ತಂಡಕ್ಕೂ ಮನೆಯ ಹತ್ತಿರದ ಮೈದಾನವೇ ಮೊದಲ ಅನುಕೂಲ. ಮನೆಯ ಹಿರಿಯರಿಂದ ಬೇಕಾದುದು ಸಂಜೆಯ ಒಂದೂವರೆ ಗಂಟೆಯ ಬಿಡುವು, ಮತ್ತು ನೆಲಗಡಲೆಯನ್ನೋ ಉದ್ದನ್ನೋ ಬಿತ್ತದೆ ಬಿಟ್ಟ ಒಂದು ಗದ್ದೆ. ಗೋಲಿನ ಕಂಬಗಳಿಗೆ ಬಿದಿರು ಸಾಕು. ಬಲೆಯನ್ನಂತೂ ನಮ್ಮ ಕಡಲತೀರದಲ್ಲಿ ಹುಡುಕಿಕೊಂಡು ಹೋಗಬೇಕಾದುದಿಲ್ಲ.